ಮೊದಲು ಏರುಪೇರು, ಆಮೇಲೆ ವ್ಯತ್ಯಾಸ: ಹದಿಹರೆಯದ ಮಕ್ಕಳಿಗೆ ಪ್ರಯೋಗ ಹೂಡಲು, ಅಂಕಿ ಓದಲು ಕಲಿಸುವ ಬಗೆ

ಮುಂಬಯಿಯ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಪ್ರಯೋಗ ಎಂದರೆ ಜರ್ನಲ್, ಅಂದರೆ ಶಾಲೆಗೆ ಬರೆದು ಒಪ್ಪಿಸುವ ಪ್ರಯೋಗ ಪುಸ್ತಕ. ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ ಎಲ್ಲ ಮೊದಲೇ ಗೊತ್ತು. ಬರಬೇಕಾದ ಉತ್ತರ ಪುಸ್ತಕದಲ್ಲೇ ಇದೆ. ಅಳತೆ ಅದಕ್ಕೆ ಹೊಂದದಿದ್ದರೆ ರಬ್ಬರ್ ತೆಗೆದುಕೊಂಡು ಹೊಂದಿಸಿಬಿಡುತ್ತಾರೆ. ತಪ್ಪು ಅವರದಲ್ಲ. ಒಂದೇ ಸಂಗತಿಯನ್ನು ಹತ್ತು ಸಲ ಅಳೆದರೆ ಹತ್ತು ಅಂಕಿ ಬರುವುದು ಸಹಜ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಪ್ರಯೋಗ ಹೂಡುವುದನ್ನು ಕಲಿಸಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಅಳತೆಯಲ್ಲಿ ಏರುಪೇರು ಎಷ್ಟಿದೆ ಎಂದು ಮೊದಲು ನೋಡಬೇಕು, ಎರಡು ಗುಂಪುಗಳ ವ್ಯತ್ಯಾಸದ ಮಾತು ಆಮೇಲೆ. ಈ ಕ್ರಮ ತಿರುವುಮುರುವಾದರೆ ಎಷ್ಟು ಸರಾಸರಿ ತೆಗೆಸಿದರೂ ಮಕ್ಕಳು ಲೆಕ್ಕ ಮಾಡುತ್ತಾರೆಯೇ ಹೊರತು ಯೋಚಿಸುವುದಿಲ್ಲ.

ಇಲ್ಲಿ ಕೊಟ್ಟಿರುವುದು ನಾಲ್ಕು ಭಾನುವಾರಗಳ ಪಾಠ, ಪ್ರತಿ ಸಲ ಎರಡು ಗಂಟೆ. ಮಾಟುಂಗ, ವಡಾಲ, ಡೊಂಬಿವಲಿ ಕಡೆಯ ಕನ್ನಡ ಸಂಘಗಳ ಸಭಾಗೃಹವೋ ರಾತ್ರಿಶಾಲೆಯ ಒಂದು ಕೋಣೆಯೋ ಸಾಕು. 12ರಿಂದ 16 ಮಕ್ಕಳು, ಇಬ್ಬರು ದೊಡ್ಡವರು ಇದ್ದರೆ ಅನುಕೂಲ. ಮಕ್ಕಳಲ್ಲಿ ಕೆಲವರು ಇಂಗ್ಲಿಷ್ ಮಾಧ್ಯಮ, ಕೆಲವರು ಮರಾಠಿ ಮಾಧ್ಯಮದವರು ಇರುತ್ತಾರೆ. ಮನೆಯಲ್ಲಿ ಕನ್ನಡವೋ ತುಳುವೋ ಆಡುತ್ತಾರೆ. ಮಾತು ಕನ್ನಡದಲ್ಲಿ ನಡೆಯಲಿ, ಪುಸ್ತಕದಲ್ಲಿ ಯಾವ ಲಿಪಿಯಲ್ಲಿ ಬೇಕಾದರೂ ಬರೆದುಕೊಳ್ಳಲಿ. ಹತ್ತನೆಯವರು ಬರಬೇಕಾದರೆ ಜುಲೈಯಿಂದ ದೀಪಾವಳಿಯೊಳಗೆ ಮುಗಿಸಿ. ಆಮೇಲೆ ಬೋರ್ಡ್ ಪರೀಕ್ಷೆಯ ತಯಾರಿ ಶುರುವಾಗುತ್ತದೆ. ಬೆಳಗ್ಗೆ ಎಂಟೂವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಳಿ ದುರಸ್ತಿಗೆಂದು ಲೋಕಲ್ ರೈಲು ಕಡಿತ ಮಾಡುವ ಭಾನುವಾರದ ಮೆಗಾ ಬ್ಲಾಕ್ ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗುವುದರಿಂದ ದೂರದವರು ಅಷ್ಟರೊಳಗೆ ರೈಲು ಹಿಡಿಯಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಇಬ್ಬರಿಗೊಂದರಂತೆ 30 ಸೆಂ.ಮೀ. ಪ್ಲಾಸ್ಟಿಕ್ ಸ್ಕೇಲ್, 75 ಜಿಎಸ್‌ಎಂ ಎ4 ಹಾಳೆ ಅರ್ಧ ರಿಮ್, ಒಂದೇ ಅಳತೆಯ ಜೆಮ್ ಕ್ಲಿಪ್ಪಿನ ಒಂದು ಡಬ್ಬಿ, ಚಾರ್ಟ್ ಪೇಪರ್, ಕತ್ತರಿ, ಎರಡು ಬಣ್ಣದ ಸ್ಟಿಕರ್ ಬಿಂದಿ, ಚೀಟಿ ಹಾಕಲು ಮುಚ್ಚಳದ ಡಬ್ಬ, ಎರಡು ಗಾಜಿನ ಥರ್ಮಾಮೀಟರ್. ಥರ್ಮಾಮೀಟರ್ ಕೆಂಪು ದ್ರವದ್ದೇ ಇರಲಿ, ಪಾದರಸದ್ದು ಮಕ್ಕಳ ಕೈಗೆ ಬೇಡ. ಕಾಗದ, ಕ್ಲಿಪ್ಪು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಗಟಾಗಿ ಸಿಗುತ್ತವೆ, ಥರ್ಮಾಮೀಟರಿಗೆ ಪ್ರಿನ್ಸೆಸ್ ಸ್ಟ್ರೀಟ್. ಪುಣೆಯವರಿಗೆ ಕಾಗದದ ಸಾಮಾನಿಗೆ ಅಪ್ಪಾ ಬಳವಂತ ಚೌಕ ಇದ್ದೇ ಇದೆ.

ಮೊದಲ ಭಾನುವಾರ: ಬೀಳುವ ಸ್ಕೇಲು

ಕಣ್ಣು ಕಂಡದ್ದಕ್ಕೆ ಕೈ ಎಷ್ಟು ಬೇಗ ಸ್ಪಂದಿಸುತ್ತದೆ ಎಂದು ಅಳೆಯುವ ಪ್ರಯೋಗ ಇದು. ಒಬ್ಬರು ಸ್ಕೇಲನ್ನು 30ರ ತುದಿಯಲ್ಲಿ ಹಿಡಿದು ನೇರ ಕೆಳಗೆ ಬಿಡುತ್ತಾರೆ, ಇನ್ನೊಬ್ಬರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯುತ್ತಾರೆ. ಸೊನ್ನೆಯ ಗೆರೆ ಹೆಬ್ಬೆರಳಿನ ಮೇಲಂಚಿಗೆ ಸರಿಯಾಗಿರಬೇಕು, ಬೆರಳುಗಳ ನಡುವೆ 2 ಸೆಂ.ಮೀ. ಸಂದು ಇರಬೇಕು, ಹಿಡಿಯುವ ಕೈ ಮೇಜಿನ ಅಂಚಿಗೆ ಒರಗಿರಬೇಕು. ಹಿಡಿದ ಮೇಲೆ ಹೆಬ್ಬೆರಳಿನ ಮೇಲಂಚಿನ ಅಂಕಿಯನ್ನು 0.5 ಸೆಂ.ಮೀ.ವರೆಗೆ ಓದಿ ಬರೆಯಬೇಕು. ಮೊದಲ 3 ಸಲ ಅಭ್ಯಾಸ, ಅದನ್ನು ಬರೆಯುವುದಿಲ್ಲ. ಮುಂದಿನ 10 ಸಲದ್ದು ಏನೇ ಬಂದರೂ ಬರೆಯಲೇಬೇಕು. ಬಲಗೈ, ಎಡಗೈ ಎರಡಕ್ಕೂ ಹೀಗೆಯೇ.

ಇಲ್ಲಿ ಕೆಡುವುದೆಲ್ಲ ಕಲಿಸಲು ಯೋಗ್ಯವಾದದ್ದೇ. ಬಿಡುವವರು ಒಂದೇ ಲಯದಲ್ಲಿ ಬಿಡತೊಡಗಿದರೆ ಹಿಡಿಯುವವರು ಕಣ್ಣಿನಿಂದ ನೋಡದೆ ಅಂದಾಜಿನಲ್ಲೇ ಹಿಡಿಯುತ್ತಾರೆ. ಅದಕ್ಕೆ 2, 3, 4, 5 ಎಂದು ಬರೆದ ನಾಲ್ಕು ಚೀಟಿ ಮಾಡಿ. ಬಿಡುವವರು ಪ್ರತಿ ಸಲ ಒಂದು ಚೀಟಿ ಎತ್ತಿ, ‘ರೆಡಿ’ ಎಂದ ಮೇಲೆ ಮನಸ್ಸಿನಲ್ಲೇ ಅಷ್ಟು ಎಣಿಸಿ ಬಿಡಲಿ. 5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ಸುಮಾರು 0.1 ಸೆಕೆಂಡಿಗಿಂತ ಕಡಿಮೆ. ಓಟದ ಸ್ಪರ್ಧೆಗಳಲ್ಲಿ ಗುಂಡಿನ ಸದ್ದಾದ 0.1 ಸೆಕೆಂಡಿನೊಳಗೆ ಹೊರಟವರದ್ದನ್ನು ತಪ್ಪು ಆರಂಭ ಎಂದೇ ಪರಿಗಣಿಸುತ್ತಾರೆ. ಹಾಗೆಯೇ ಇಲ್ಲೂ ಅಂಥದನ್ನು ತೆಗೆದುಹಾಕಬಹುದು. ಆದರೆ ಆ ನಿಯಮ ಅಳತೆ ಶುರುವಾಗುವ ಮುಂಚೆಯೇ ಹಲಗೆಯ ಮೇಲೆ ಬಂದಿರಬೇಕು. ಅಂಕಿ ನೋಡಿದ ಮೇಲೆ ‘ಟೀಚರ್, ಇದು ಲೆಕ್ಕಕ್ಕಿಲ್ಲ’ ಎಂದರೆ ಒಪ್ಪಬೇಡಿ. ಇಡೀ ಪಾಠದಲ್ಲಿ ನೀವು ಖಡಾಖಂಡಿತವಾಗಿ ನಿಲ್ಲಬೇಕಾದದ್ದು ಈ ಒಂದು ಕಡೆ.

ಸ್ಕೇಲು ಕೈತಪ್ಪಿ ನೆಲಕ್ಕೆ ಬಿದ್ದರೆ? ಹೆಚ್ಚಿನ ಮಕ್ಕಳು ಅದನ್ನು ಬರೆಯದೆ ಬಿಡುತ್ತಾರೆ. ಹಾಗೆ ಬಿಟ್ಟರೆ ಅತಿ ನಿಧಾನದ ಹಿಡಿತಗಳೇ ಪಟ್ಟಿಯಿಂದ ಮಾಯವಾಗಿ, ಆ ಹುಡುಗ ಇರುವುದಕ್ಕಿಂತ ಚುರುಕಾಗಿ ಕಾಣುತ್ತಾನೆ. ‘30ಕ್ಕಿಂತ ಹೆಚ್ಚು’ ಎಂದು ಬರೆಸಿ. ಈಗ ಸರಾಸರಿ ತೆಗೆಯಲು ಬರುವುದಿಲ್ಲ, ಮಧ್ಯಾಂಕ ತೆಗೆಯಲು ಬರುತ್ತದೆ: ಹತ್ತನ್ನೂ ಏರಿಕೆಯ ಕ್ರಮದಲ್ಲಿ ಬರೆದು, ತಪ್ಪಿದ್ದನ್ನು ಕೊನೆಗಿಟ್ಟು, ಐದನೆಯ ಮತ್ತು ಆರನೆಯ ಅಂಕಿಗಳ ನಡುವಿನದನ್ನು ತೆಗೆದುಕೊಳ್ಳುವುದು. ಮಧ್ಯಾಂಕ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ.

ಅಂಕಿಗಳನ್ನು ಗೋಡೆಗೆ ಅಂಟಿಸಿದ ಚಾರ್ಟ್ ಪೇಪರಿಗೆ ಏರಿಸಿ. ಕೆಳಗೆ 0ರಿಂದ 30ರ ಗೆರೆ, ಒಂದೊಂದು ಅಳತೆಗೆ ಒಂದೊಂದು ಬಿಂದಿ, ಒಂದೇ ಅಂಕಿ ಮತ್ತೆ ಬಂದರೆ ಅದರ ಮೇಲಿನ್ನೊಂದು. ಬಲಗೈಗೆ ಕೆಂಪು, ಎಡಗೈಗೆ ಹಸಿರು. ಬಾರ್ ಗ್ರಾಫ್ ಬೇಡ. ಸರಾಸರಿಯ ಎರಡು ಕಂಬ ನಿಲ್ಲಿಸಿದರೆ ನೋಡಬೇಕಾದದ್ದೆಲ್ಲ ಅವುಗಳ ಹಿಂದೆ ಅಡಗುತ್ತದೆ. ಬಿಂದಿಗಳ ರಾಶಿ ನೋಡಿದ ಕೂಡಲೇ ಮಕ್ಕಳಿಗೆ ಎರಡು ಸಂಗತಿ ಹೊಳೆಯುತ್ತವೆ: ಒಬ್ಬರದೇ ಹತ್ತು ಅಳತೆಗಳು ಎಷ್ಟು ದೂರ ಹರಡಿವೆ ಎನ್ನುವುದು, 10, 15, 20ರ ಮೇಲೆ ಯಾಕೋ ರಾಶಿ ಹೆಚ್ಚು ಎತ್ತರ ಇದೆ ಎನ್ನುವುದು. ಎರಡನೆಯದು ಓದುವವರ ಕಣ್ಣು ದುಂಡು ಅಂಕಿಗೆ ಒಲಿಯುವುದರಿಂದ ಆಗುವಂಥದ್ದು. ಅವರಾಗಿಯೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ಬಲಗೈ, ಎಡಗೈ ಹೋಲಿಸುವಾಗ ಯಾವುದು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಎಲ್ಲರೂ ಬಲಗೈಯಿಂದಲೇ ಶುರು ಮಾಡಿದರೆ ಎಡಗೈ ಹೊತ್ತಿಗೆ ಅಭ್ಯಾಸವಾಗಿರುತ್ತದೆ, ಕೈಯ ಗುಣ ಯಾವುದು, ಅಭ್ಯಾಸದ ಗುಣ ಯಾವುದು ಎಂದು ಬಿಡಿಸಲಾಗುವುದಿಲ್ಲ. ಪ್ರತಿಯೊಬ್ಬರ ಎಡಗೈ ಮಧ್ಯಾಂಕದಿಂದ ಬಲಗೈ ಮಧ್ಯಾಂಕ ಕಳೆದರೆ ಒಬ್ಬರಿಗೆ ಒಂದೇ ಅಂಕಿ ಉಳಿಯುತ್ತದೆ. ಎರಡೂ ಕೈ ಸಮವಾಗಿದ್ದರೆ ಯಾವುದು ನಿಧಾನ ಎಂಬುದು ನಾಣ್ಯ ಚಿಮ್ಮಿದಂತೆ. 12 ಮಕ್ಕಳಲ್ಲಿ 10 ಜನರ ಎಡಗೈ ನಿಧಾನ ಎಂದು ಬಂದರೆ, 12 ನಾಣ್ಯ ಚಿಮ್ಮಿದಾಗ 10 ಅಥವಾ ಹೆಚ್ಚು ಹೆಡ್ ಬೀಳುವುದು ಎಷ್ಟು ಅಪರೂಪ ಎಂದು ಕೇಳಿ. 4096ರಲ್ಲಿ 79, ನೂರಕ್ಕೆ ಎರಡರಷ್ಟು. ದೂರವನ್ನು ಸಮಯಕ್ಕೆ ತಿರುಗಿಸುವ ಆಸೆಯಿದ್ದರೆ ಗೋಡೆಗೆ ಈ ಪಟ್ಟಿ ಹಚ್ಚಿ: 10 ಸೆಂ.ಮೀ. ಅಂದರೆ 0.14 ಸೆಕೆಂಡು, 15ಕ್ಕೆ 0.17, 20ಕ್ಕೆ 0.20, 25ಕ್ಕೆ 0.23, 30ಕ್ಕೆ 0.25.

ಎರಡನೆಯ ಭಾನುವಾರ: ಕಾಗದದ ಹೆಲಿಕಾಪ್ಟರ್

ಇದು ಇಡೀ ಪಾಠದ ಬೆನ್ನೆಲುಬು. ಒಂದು ಪ್ರಯೋಗ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಕೆಟ್ಟರೆ ಹೊಸದಕ್ಕೆ ಖರ್ಚಿಲ್ಲ, ಬದಲಿಸಬಹುದಾದ ಸಂಗತಿಗಳೂ ಹೇರಳ.

ಎ4 ಹಾಳೆಯನ್ನು ಅಡ್ಡ ಇಟ್ಟು 5 ಸೆಂ.ಮೀ. ಅಗಲ, 21 ಸೆಂ.ಮೀ. ಉದ್ದದ ಐದು ಪಟ್ಟಿ ಕತ್ತರಿಸಿ. ಪಟ್ಟಿಯ ಮೇಲ್ತುದಿಯಿಂದ ಸರಿಯಾಗಿ ನಡುವೆ 9 ಸೆಂ.ಮೀ. ಸೀಳಿ, ಇವು ಎರಡು ರೆಕ್ಕೆ. ಸೀಳು ನಿಂತ ಜಾಗದಿಂದ 1 ಸೆಂ.ಮೀ. ಕೆಳಗೆ ಎರಡೂ ಬದಿಯಿಂದ ಒಳಕ್ಕೆ 1.5 ಸೆಂ.ಮೀ. ಕತ್ತರಿಸಿ. ಅದರ ಕೆಳಗಿನ ಭಾಗವನ್ನು ಎರಡೂ ಕಡೆಯಿಂದ ಒಳಕ್ಕೆ ಮಡಚಿದರೆ 2 ಸೆಂ.ಮೀ. ಅಗಲದ ಬಾಲವಾಗುತ್ತದೆ. ಬಾಲದ ತುದಿಗೆ ಒಂದು ಜೆಮ್ ಕ್ಲಿಪ್. ರೆಕ್ಕೆಗಳಲ್ಲಿ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಮಡಚಿ. ಮೇಲಿನಿಂದ ಬಿಟ್ಟರೆ ತಿರುಗುತ್ತಾ ಇಳಿಯುತ್ತದೆ.

ಗಿಡ್ಡ ರೆಕ್ಕೆ ಬೇಕಾದರೆ ಮೇಲಿನಿಂದ 3 ಸೆಂ.ಮೀ. ಕತ್ತರಿಸಿ 6 ಸೆಂ.ಮೀ. ಉಳಿಸಿ. ಇಲ್ಲಿ ನಿಲ್ಲಿಸಿ ಕೇಳಿ: ಈಗ ಬದಲಾದದ್ದು ರೆಕ್ಕೆಯ ಉದ್ದ ಮಾತ್ರವೇ? ತೂಕವೂ ಇಳಿಯಿತು. ಇಡೀ ಪಟ್ಟಿ ಸುಮಾರು 0.8 ಗ್ರಾಂ, ಕತ್ತರಿಸಿದ ತುಂಡು 0.1 ಗ್ರಾಂಗಿಂತ ತುಸು ಹೆಚ್ಚು. ಆ ತುಂಡನ್ನೇ ಚಿಕ್ಕದಾಗಿ ಮಡಚಿ ಬಾಲದ ಕ್ಲಿಪ್ಪಿಗೆ ಸಿಕ್ಕಿಸಿದರೆ ತೂಕ ಸರಿಯಾಯಿತು. ಪರಿಹಾರ ಮಕ್ಕಳ ಬಾಯಿಂದಲೇ ಬರುತ್ತದೆ. ಒಂದೆರಡು ನಿಮಿಷ ಸುಮ್ಮನೆ ಕಾಯಿರಿ.

ಗೋಡೆಯ ಮೇಲೆ ನೆಲದಿಂದ 2.5 ಮೀಟರ್ ಎತ್ತರಕ್ಕೆ ಟೇಪ್ ಅಂಟಿಸಿ. ಗಟ್ಟಿ ಬೆಂಚಿನ ಮೇಲೆ ನಿಂತು ಬಿಡಲಿ, ಬೆಂಚನ್ನು ಒಬ್ಬ ದೊಡ್ಡವರು ಹಿಡಿದಿರಲಿ. ರೆಕ್ಕೆಯ ಮಡಿಕೆ ಟೇಪಿನ ಮಟ್ಟಕ್ಕೆ ಇರಬೇಕು. ಬಿಡುವುದು, ಎಸೆಯುವುದಲ್ಲ. ಫ್ಯಾನ್ ಆಫ್, ಕಿಟಕಿ ಬಂದ್. ಮಳೆಗಾಲದಲ್ಲಿ ಇದು ಕಷ್ಟದ ಮಾತು, ಆದರೆ ಫ್ಯಾನ್ ಓಡುತ್ತಿದ್ದರೆ ಪ್ರಯೋಗ ಫ್ಯಾನಿನದ್ದಾಗುತ್ತದೆ. ಹತ್ತು ನಿಮಿಷ ಬಿಡುವುದು, ಐದು ನಿಮಿಷ ಫ್ಯಾನ್ ಹಾಕಿ ಬೆವರು ಆರಿಸಿಕೊಳ್ಳುವುದು ಎಂದು ಪಾಳಿ ಮಾಡಿ. ಜುಲೈ ತೇವಕ್ಕೆ ಕಾಗದವೇ ಮೆತ್ತಗಾಗಿ ರೆಕ್ಕೆ ಜೋಲುತ್ತದೆ, ಆದ್ದರಿಂದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ, ಮಾಡಿದ ದಿನವೇ ಹಾರಿಸಿ. ಹಿಂದಿನ ವಾರ ಮಾಡಿದ್ದನ್ನೂ ಇಂದು ಮಾಡಿದ್ದನ್ನೂ ಹೋಲಿಸಬೇಡಿ.

ಸಮಯ ಅಳೆಯಲು ಸ್ಟಾಪ್‌ವಾಚ್ ಸಾಕು, ಆದರೆ ಒಂದು ಹೋಲಿಕೆಯ ಎಲ್ಲ ಅಳತೆಯನ್ನೂ ಒಬ್ಬರೇ ಮಾಡಬೇಕು. ಒತ್ತುವ ಕೈಯ ತಡ ಶುರುವಿನಲ್ಲೂ ಕೊನೆಯಲ್ಲೂ ಹೆಚ್ಚುಕಡಿಮೆ ಒಂದೇ ಇದ್ದು ಬಹುಪಾಲು ವಜಾ ಆಗುತ್ತದೆ. ಕೈ ಬದಲಾದರೆ ಆಗುವುದಿಲ್ಲ. ಮೊಬೈಲ್ ವಿಡಿಯೋ ಇನ್ನೂ ಒಳ್ಳೆಯದು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮಿಗೆ 0.033 ಸೆಕೆಂಡು. ಬೆಳಕು ಕಡಿಮೆಯಿದ್ದಾಗ ಹಲವು ಮೊಬೈಲ್‌ಗಳು ತಾವಾಗಿಯೇ ಫ್ರೇಮ್ ಕಡಿಮೆ ಮಾಡಿಕೊಳ್ಳುತ್ತವೆ, ಹಾಗಾಗಿ ಟ್ಯೂಬ್‌ಲೈಟ್ ಎಲ್ಲ ಹಾಕಿ.

ಮೊದಲು ಹೋಲಿಕೆ ಬೇಡ. ಒಂದೇ ಬಗೆಯ 8 ಹೆಲಿಕಾಪ್ಟರ್ ಮಾಡಿಸಿ, ಒಂದೊಂದನ್ನು ಒಂದೊಂದು ಸಲ ಬಿಡಿಸಿ, ಎಂಟು ಬಿಂದಿ ಅಂಟಿಸಿ. ಎಲ್ಲವೂ ‘ಒಂದೇ’ ಇದ್ದರೂ ಎಷ್ಟು ಹರಡಿತು? ಇದರ ಮಾನಕ ವಿಚಲನೆಯನ್ನು (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬ ಅಳತೆಯನ್ನು) ಕ್ಯಾಲ್ಕುಲೇಟರಿನಲ್ಲಿ ತೆಗೆದು ಹಲಗೆಯ ಮೂಲೆಯಲ್ಲಿ ಬರೆದಿಡಿ. 0.08 ಸೆಕೆಂಡು ಬಂದಿತೆಂದುಕೊಳ್ಳಿ. ಎಷ್ಟು ಹೆಲಿಕಾಪ್ಟರ್ ಬೇಕು ಎಂಬ ಲೆಕ್ಕ ಈ ಅಂಕಿಯಿಂದ ಹೊರಡುತ್ತದೆ: ಈ ಹರಡನ್ನು ನೀವು ಹಿಡಿಯಬೇಕೆಂದಿರುವ ವ್ಯತ್ಯಾಸದಿಂದ ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿ. 0.15 ಸೆಕೆಂಡಿನ ವ್ಯತ್ಯಾಸ ಹಿಡಿಯಲು ಪ್ರತಿ ಬಗೆಗೆ 5 ಸಾಕು. 0.05 ಹಿಡಿಯಬೇಕೆಂದರೆ 41 ಬೇಕು. ವ್ಯತ್ಯಾಸ ನಿಜವಾಗಿ ಅಷ್ಟಿದ್ದರೆ ಐದರಲ್ಲಿ ನಾಲ್ಕು ಸಲ ಸಿಕ್ಕೀತು ಎಂಬ ಭರವಸೆಗೆ ಇರುವ ಅಂದಾಜು ಸೂತ್ರ ಇದು. ‘ಮೂರು ಸಲ ಮಾಡಿ ಸರಾಸರಿ ತೆಗೆ’ ಎಂಬ ಜರ್ನಲ್ ರೂಢಿಗೆ ಯಾವ ಆಧಾರವೂ ಇಲ್ಲ ಎಂದು ಮಕ್ಕಳಿಗೆ ಮನದಟ್ಟಾಗುವುದು ಈ 41ನ್ನು ನೋಡಿದಾಗ.

ಇನ್ನೊಂದು ಗುಂಡಿ ಇಲ್ಲೇ ಇದೆ, ದೊಡ್ಡವರೂ ಬೀಳುತ್ತಾರೆ. ಒಂದೇ ಹೆಲಿಕಾಪ್ಟರನ್ನು ಐದು ಸಲ ಬಿಟ್ಟರೆ ಐದು ಹೆಲಿಕಾಪ್ಟರಿನ ಮಾಹಿತಿ ಸಿಗುವುದಿಲ್ಲ. ಆ ಒಂದರ ರೆಕ್ಕೆ ತುಸು ಸೊಟ್ಟ ಇದ್ದರೆ ಐದು ಅಳತೆಯೂ ಅದನ್ನೇ ಹೇಳುತ್ತವೆ. ಉದ್ದ ರೆಕ್ಕೆಯದ್ದು ಐದು, ಗಿಡ್ಡ ರೆಕ್ಕೆಯದ್ದು ಐದು, ಬೇರೆ ಬೇರೆಯವೇ ಬೇಕು; ಒಬ್ಬರೇ ಒಂದೇ ಬಗೆಯದನ್ನು ಮಾಡದೆ ಪ್ರತಿ ಜೋಡಿ ಎರಡನ್ನೂ ಒಂದೊಂದು ಮಾಡಬೇಕು. ಮಡಚುವ ಕೈಯ ಗುಣ ಆಗ ಎರಡೂ ಕಡೆ ಸಮವಾಗಿ ಹಂಚಿಹೋಗುತ್ತದೆ.

ಬಿಡುವ ಕ್ರಮಕ್ಕೆ ಹತ್ತು ಚೀಟಿ. ಎಲ್ಲ ಉದ್ದದ್ದು ಮೊದಲು, ಆಮೇಲೆ ಗಿಡ್ಡದ್ದು ಎಂದರೆ ಬಿಡುವವರ ಕೈ ಪಳಗುವುದೂ ಕೋಣೆ ಬಿಸಿಯಾಗುವುದೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತವೆ. ಗುಂಪು ಮಾಡುವಾಗಲೂ ಇದೇ ಎಚ್ಚರ ಬೇಕು. ಲೋಕಲ್ ತಡವಾಗಿ ಡೊಂಬಿವಲಿ ಕಡೆಯ ಮಕ್ಕಳು ಒಟ್ಟಿಗೆ ಬಂದರೆಂದು ಅವರನ್ನೆಲ್ಲ ಎರಡನೆಯ ಗುಂಪಿಗೆ ಹಾಕಿಬಿಟ್ಟರೆ, ಆ ಗುಂಪಿನಲ್ಲಿ ದಣಿದವರೇ ತುಂಬುತ್ತಾರೆ. ಎಲ್ಲರೂ ಬಂದ ಮೇಲೆ ಚೀಟಿ ಎತ್ತಿ ಗುಂಪು ಮಾಡಿ, ಯಾಕೆ ಕಾದಿರಿ ಎಂಬುದನ್ನೂ ಮಕ್ಕಳಿಗೆ ಹೇಳಿ.

ಮೂರನೆಯ ಭಾನುವಾರ: ಚೀಟಿ ಕಲಸುವುದು

ಈ ಭಾನುವಾರ ಹಿಂದಿನ ವಾರದ ಅಂಕಿಗಳನ್ನು ಓದುವ ಕೆಲಸ. ಲೆಕ್ಕ ತೋರಿಸಲು ಉದಾಹರಣೆಗೆ ಕೆಲವು ಅಂಕಿ ತೆಗೆದುಕೊಳ್ಳೋಣ. ದಶಮಾಂಶದ ರಗಳೆ ಬೇಡವೆಂದು ಸೆಕೆಂಡಿನ ನೂರನೆಯ ಭಾಗದಲ್ಲಿ ಬರೆದಿದೆ. ಗಿಡ್ಡ ರೆಕ್ಕೆ: 152, 161, 147, 158, 166. ಉದ್ದ ರೆಕ್ಕೆ: 171, 158, 183, 176, 169. ಗಿಡ್ಡದರ ಮೊತ್ತ 784, ಉದ್ದದರ ಮೊತ್ತ 857. ಸರಾಸರಿಯ ವ್ಯತ್ಯಾಸ ಸುಮಾರು 0.15 ಸೆಕೆಂಡು.

ಕೇಳಬೇಕಾದ ಪ್ರಶ್ನೆ ಇದು: ರೆಕ್ಕೆಯ ಉದ್ದದಿಂದ ಏನೂ ಆಗುವುದಿಲ್ಲ ಎಂದಿಟ್ಟುಕೊಂಡರೆ, ಹತ್ತು ಅಂಕಿಗಳು ಬರೀ ಅದೃಷ್ಟದಿಂದ ಹೀಗೆ ಎರಡು ಪಾಲಾಗುವುದು ಎಷ್ಟು ಅಪರೂಪ? ಸೂತ್ರ ಬೇಡ, ಕೈಯಿಂದಲೇ ಮಾಡಿ ನೋಡಬಹುದು. ಪ್ರತಿ ಜೋಡಿಗೂ ಒಂದೇ ಅಳತೆಯ ಹತ್ತು ಚೀಟಿ, ಒಂದೊಂದರ ಮೇಲೆ ಒಂದು ಅಂಕಿ. ಎಲ್ಲವನ್ನೂ ಒಂದೇ ರೀತಿ ಮಡಚಿ ಡಬ್ಬಕ್ಕೆ ಹಾಕಿ ಕುಲುಕಿ, ನೋಡದೆ ಐದನ್ನು ಎತ್ತಿ, ಕೂಡಿ. ಇನ್ನೈದನ್ನು ಕೂಡುವ ಅಗತ್ಯವಿಲ್ಲ. ಒಟ್ಟು ಮೊತ್ತ ಯಾವಾಗಲೂ 1641. ಎತ್ತಿದ ಐದರ ಮೊತ್ತ 857 ಅಥವಾ ಹೆಚ್ಚು, ಇಲ್ಲವೇ 784 ಅಥವಾ ಕಡಿಮೆ ಬಂದರೆ, ನಿಮ್ಮ ಪ್ರಯೋಗದಲ್ಲಿ ಕಂಡಷ್ಟು ದೊಡ್ಡ ವ್ಯತ್ಯಾಸ ಅದೃಷ್ಟದಿಂದಲೂ ಬಂತು ಎಂದು ಗುರುತು ಹಾಕಿಕೊಳ್ಳಿ. ಚೀಟಿ ವಾಪಸ್ ಡಬ್ಬಕ್ಕೆ, ಮತ್ತೆ ಕುಲುಕಿ.

ಎಂಟು ಜೋಡಿ 25 ಸಲ ಮಾಡಿದರೆ 200. ಇಪ್ಪತ್ತು ನಿಮಿಷದ ಕೆಲಸ. ಗುರುತು ಬೀಳುವುದು 8ರ ಆಸುಪಾಸಿನಲ್ಲಿ. 4 ಬಂದರೂ 12 ಬಂದರೂ ಗಾಬರಿ ಬೇಡ. ಹತ್ತು ಚೀಟಿಯನ್ನು ಐದೈದಾಗಿ ಎತ್ತುವ ಬಗೆಗಳು ಒಟ್ಟು 252, ಅವುಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕೊಡುವವು 10. ಅಂದರೆ ನೂರಕ್ಕೆ ನಾಲ್ಕು. ಚುರುಕಾದ ಮಕ್ಕಳಿಗೆ ಆ ಹತ್ತನ್ನು ಹುಡುಕಲು ಬಿಡಿ. ಅತಿ ದೊಡ್ಡ ಐದರ ಮೊತ್ತ 865. ಅಲ್ಲಿಂದ ಒಂದೊಂದು ಚೀಟಿ ಅದಲುಬದಲು ಮಾಡುತ್ತಾ ಇಳಿದರೆ 857ರವರೆಗೆ ಐದು ಬಗೆ ಸಿಗುತ್ತವೆ, ಇನ್ನೊಂದು ತುದಿಯಲ್ಲಿ ಐದು. ಎರಡು 158 ಇವೆ ಎಂಬುದನ್ನು ಮರೆತವರಿಗೆ ನಾಲ್ಕೇ ಸಿಗುತ್ತವೆ.

ಇದರ ಅರ್ಥ ಹೇಳುವಾಗ ಮಾತು ಜೋಪಾನ. ‘ರೆಕ್ಕೆ ಕೆಲಸ ಮಾಡುವ ಸಾಧ್ಯತೆ ನೂರಕ್ಕೆ 96’ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅದು ತಪ್ಪು. ರೆಕ್ಕೆಯಿಂದ ಏನೂ ಆಗದಿದ್ದರೆ ಇಷ್ಟು ದೊಡ್ಡ ವ್ಯತ್ಯಾಸ ನೂರಕ್ಕೆ ನಾಲ್ಕು ಸಲ ಮಾತ್ರ ಕಂಡೀತು. ನಾವು ಲೆಕ್ಕ ಹಾಕಿದ್ದು ಅಷ್ಟನ್ನೇ. ಚೀಟಿಯಲ್ಲಿ ಆಗಾಗ ಬರುವಂಥ ವ್ಯತ್ಯಾಸ ಕಂಡಾಗಲೂ ‘ವ್ಯತ್ಯಾಸ ಇಲ್ಲ’ ಎನ್ನುವಂತಿಲ್ಲ. ‘ಇಷ್ಟು ಹೆಲಿಕಾಪ್ಟರಿನಿಂದ ಗೊತ್ತಾಗಲಿಲ್ಲ’ ಎನ್ನಬೇಕು, ಆ 41ನ್ನು ನೆನಪಿಸಬೇಕು.

ಉಳಿದ ಸಮಯಕ್ಕೆ ಎರಡು ಸಂಗತಿ ಒಟ್ಟಿಗೆ ಬದಲಿಸುವ ಪ್ರಯೋಗ. ಶಾಲೆ ಕಲಿಸುವುದು ‘ಒಂದು ಸಲಕ್ಕೆ ಒಂದನ್ನೇ ಬದಲಿಸು’ ಎಂದು. ಆರಂಭಕ್ಕೆ ಅದು ಸರಿ, ಆದರೆ ಅಲ್ಲೇ ನಿಂತರೆ ಒಂದರ ಪ್ರಭಾವ ಇನ್ನೊಂದನ್ನು ಅವಲಂಬಿಸಿದೆಯೇ ಎಂಬುದು ಎಂದಿಗೂ ಕಾಣುವುದಿಲ್ಲ. ರೆಕ್ಕೆ 6 ಅಥವಾ 9, ಕ್ಲಿಪ್ಪು 1 ಅಥವಾ 2, ಹೀಗೆ ನಾಲ್ಕು ಬಗೆ, ಬಗೆಗೆ ಐದು, ಒಟ್ಟು 20 ಹೆಲಿಕಾಪ್ಟರ್. ಹೊಸದಾಗಿ ಇಪ್ಪತ್ತನ್ನೂ ಮಾಡಿಸಿ. ಸರಾಸರಿಗಳು ಒಂದು ಕ್ಲಿಪ್ಪಿಗೆ 1.57 ಮತ್ತು 1.71, ಎರಡು ಕ್ಲಿಪ್ಪಿಗೆ 1.38 ಮತ್ತು 1.45 ಎಂದು ಬಂದರೆ, ಉದ್ದ ರೆಕ್ಕೆಯ ಲಾಭ ಒಂದು ಕ್ಲಿಪ್ಪಿನಲ್ಲಿ 0.14, ಎರಡರಲ್ಲಿ 0.07. ಹಾಗಾದರೆ ಭಾರ ಹೆಚ್ಚಾದಾಗ ರೆಕ್ಕೆಯ ಲಾಭ ಅರ್ಧವಾಯಿತೇ? ಹಾಗೆ ಹೇಳಲು ಆತುರ ಬೇಡ. ಹಲಗೆಯ ಮೂಲೆಯ 0.08 ಇನ್ನೂ ಅಲ್ಲೇ ಇದೆ. ಈ ಹರಡಿನಲ್ಲಿ ಐದೈದರ ಸರಾಸರಿಗಳಿಂದ ತೆಗೆದ ‘ವ್ಯತ್ಯಾಸದ ವ್ಯತ್ಯಾಸ’ ತಾನೇ 0.07ರಷ್ಟು ಅತ್ತಿತ್ತ ಆಡುತ್ತದೆ. ಆದರೆ ಕ್ಲಿಪ್ಪಿನ ಪ್ರಭಾವ, ಸರಾಸರಿ 0.22 ಸೆಕೆಂಡು, ಸಂಶಯಕ್ಕೆ ಎಡೆಯಿಲ್ಲದಷ್ಟು ದೊಡ್ಡದು. ಬದಲಿಸುವ ಸಂಗತಿಗಳು ಹೆಚ್ಚಾದಂತೆ ಜೋಡಣೆಗಳ ಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅವುಗಳಲ್ಲಿ ಕೆಲವನ್ನೇ ಜಾಣತನದಿಂದ ಆರಿಸಿ ಮಾಡುವ ದಾರಿಗೆ ಆರ್ಥೋಗೊನಲ್ ಅರೇ ಎಂಬ ಗಣಿತ ಬೇಕು. ಅದನ್ನು 1940ರ ದಶಕದಲ್ಲಿ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್, 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಮಕ್ಕಳಿಗೆ ಈ ಹೆಸರು ತಿಳಿದಿರಲೇಬೇಕು.

ನಡುವೆ ಬಾಯಾರಿಕೆಯ ವಿರಾಮವನ್ನೂ ಪ್ರಯೋಗ ಮಾಡಬಹುದು. ಬಾಟಲಿ ನೀರಿನ ರುಚಿ ಗೊತ್ತಾಗುತ್ತದೆ ಎಂದು ಹೇಳುವ ಮಕ್ಕಳು ಇದ್ದೇ ಇರುತ್ತಾರೆ. ಕುದಿಸಿ ಆರಿಸಿದ ನಲ್ಲಿ ನೀರು 4 ಲೋಟ, ಬಾಟಲಿ ನೀರು 4 ಲೋಟ. ಎರಡನ್ನೂ ಹಿಂದಿನ ರಾತ್ರಿಯಿಂದ ಒಂದೇ ಕೋಣೆಯಲ್ಲಿ ಇಟ್ಟಿರಬೇಕು, ಇಲ್ಲವಾದರೆ ತಂಪು ನೋಡಿಯೇ ಗುರುತು ಹಿಡಿಯುತ್ತಾರೆ. ಸುರಿಯುವವರು ಲೋಟದ ತಳಕ್ಕೆ ಗುರುತು ಹಾಕಿ ಹೊರಗೆ ಹೋಗಬೇಕು, ಯಾವುದು ಯಾವುದೆಂದು ಗೊತ್ತಿಲ್ಲದವರು ಚೀಟಿಯ ಕ್ರಮದಲ್ಲಿ ಕೊಡಬೇಕು. ನಾಲ್ಕು ಬಾಟಲಿ ಲೋಟಗಳನ್ನು ಆರಿಸು ಎಂದರೆ, ಊಹೆಯಿಂದ ನಾಲ್ಕೂ ಸರಿಯಾಗುವುದು 70ರಲ್ಲಿ ಒಂದು ಸಲ. ಮೂರು ಅಥವಾ ಹೆಚ್ಚು ಸರಿಯಾಗುವುದು 70ರಲ್ಲಿ 17 ಸಲ. ಮೂರು ಸರಿ ಬಂದರೆ ಹಿಗ್ಗುವಂತಿಲ್ಲ ಎಂದಾಯಿತು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಎಂಟು ಕಪ್ ಚಹಾ ಇಟ್ಟುಕೊಂಡು ವಿವರಿಸಿದ ಪ್ರಯೋಗ ಇದೇ ಬಗೆಯದು.

ಮನೆಯ ಕೆಲಸ: ಒದ್ದೆ ಬಟ್ಟೆಯ ಬಾಟಲಿ

ಮೂರನೆಯ ಮತ್ತು ನಾಲ್ಕನೆಯ ಭಾನುವಾರದ ನಡುವೆ ಮನೆಯಲ್ಲಿ ಮಾಡಲು ಇದನ್ನು ಕೊಡಿ. ಮನೆಗೆ ಎರಡು ಥರ್ಮಾಮೀಟರ್ ಬೇಕಾಗುವುದರಿಂದ ಜೋಡಿಗಳು ಸರದಿಯಲ್ಲಿ ಒಯ್ಯಲಿ. ಒಂದೇ ಬಗೆಯ ಎರಡು ಅರ್ಧ ಲೀಟರ್ ಬಾಟಲಿ, ಒಂದೇ ಬಕೆಟಿನ ನೀರು. ಒಂದಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಇನ್ನೊಂದಕ್ಕೆ ಅದೇ ಬಟ್ಟೆಯ ಒಣ ತುಂಡು. ಎರಡನೆಯದನ್ನು ಬರಿದಾಗಿ ಬಿಟ್ಟರೆ ಬಟ್ಟೆಯ ಪ್ರಭಾವವೂ ಒದ್ದೆಯ ಪ್ರಭಾವವೂ ಬೆರೆಯುತ್ತವೆ. ಫ್ಯಾನಿನ ಕೆಳಗೆ ಅಕ್ಕಪಕ್ಕ ಇಟ್ಟು, 10 ನಿಮಿಷಕ್ಕೊಮ್ಮೆ 90 ನಿಮಿಷ ಓದಿ, ಅರ್ಧಕ್ಕೆ ಜಾಗ ಅದಲುಬದಲು ಮಾಡಿ.

ಎಲ್ಲಕ್ಕೂ ಮೊದಲು ಎರಡೂ ಥರ್ಮಾಮೀಟರನ್ನು ಒಂದೇ ಲೋಟದ ನೀರಿನಲ್ಲಿ ಐದು ನಿಮಿಷ ಇಟ್ಟು ಓದಬೇಕು. ಅಗ್ಗದವುಗಳಲ್ಲಿ 1 ಡಿಗ್ರಿ ಹೆಚ್ಚುಕಡಿಮೆ ಇರುವುದು ಮಾಮೂಲು. ಮುಂಬಯಿಯ ಜುಲೈಯಲ್ಲಿ ಆ 1 ಡಿಗ್ರಿಯೇ ಎಲ್ಲವನ್ನೂ ಕೆಡಿಸುತ್ತದೆ. ಗಾಳಿ 28 ಡಿಗ್ರಿ, ತೇವಾಂಶ ನೂರಕ್ಕೆ 88 ಇದ್ದರೆ ಒದ್ದೆ ಬಟ್ಟೆ ತಣಿಸಬಲ್ಲ ಗರಿಷ್ಠ ಮಿತಿಯೇ 2 ಡಿಗ್ರಿಗಿಂತ ಕಡಿಮೆ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಬಟ್ಟೆಯ ನೀರು ತೀರಾ ನಿಧಾನವಾಗಿ ಆರುತ್ತದೆ. ಏಪ್ರಿಲಿನಲ್ಲಿ ಪುಣೆಯ ಒಣ ಮಧ್ಯಾಹ್ನ, 36 ಡಿಗ್ರಿ ಮತ್ತು ನೂರಕ್ಕೆ 20 ತೇವಾಂಶ ಇದ್ದಾಗ, ಒದ್ದೆ ಬಟ್ಟೆ 20 ಡಿಗ್ರಿಯ ಹತ್ತಿರದವರೆಗೂ ತಣಿಸಬಲ್ಲದು, ಅಂದರೆ ಮಿತಿ ಸುಮಾರು 16 ಡಿಗ್ರಿ. ಪುಣೆಯಲ್ಲಿ ದೊಡ್ಡಪ್ಪನ ಮಕ್ಕಳೋ ಅತ್ತೆಯ ಮಕ್ಕಳೋ ಇರುವವರು ಬೇಸಗೆ ರಜೆಯಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಎರಡೂ ಊರಿನಲ್ಲಿ ಮಾಡಿ ನೋಡಲಿ. ಎರಡೂ ಮನೆಯವರು ತಮ್ಮ ಊಹೆಯನ್ನು ಮೊದಲೇ ಬರೆದು ಫೋಟೊ ಕಳಿಸಿಕೊಳ್ಳಬೇಕು.

ಓದುವಾಗ ಒಂದು ಎಚ್ಚರ: ಹತ್ತು ನಿಮಿಷಕ್ಕೊಮ್ಮೆ ಬರೆದ ಒಂಬತ್ತು ಅಂಕಿಗಳು ಒಂಬತ್ತು ಪ್ರಯೋಗವಲ್ಲ, ಒಂದೇ ಬಾಟಲಿಯ ಕತೆ. ಹೆಲಿಕಾಪ್ಟರಿನ ಪಾಠ ನೆನಪಿರುವವರು ಇದನ್ನು ತಾವೇ ಹೇಳುತ್ತಾರೆ.

ನಾಲ್ಕನೆಯ ಭಾನುವಾರ: ಅವರದೇ ಪ್ರಶ್ನೆ

ಈಗ ಮಕ್ಕಳು ತಮ್ಮ ಪ್ರಶ್ನೆ ತರಬೇಕು. ಆಯ್ಕೆಗೆ ಮೂರು ಷರತ್ತು: ಒಂದು ಅಳತೆ ಎರಡು ನಿಮಿಷದೊಳಗೆ ಮುಗಿಯಬೇಕು, ಕನಿಷ್ಠ 20 ಸಲ ಮಾಡಲು ಬರಬೇಕು, ಉತ್ತರ ಒಂದು ಅಂಕಿಯಾಗಿ ಬರಬೇಕು. ‘ಸಂಗೀತ ಕೇಳಿದರೆ ಓದು ಚೆನ್ನಾಗಿ ಆಗುತ್ತದೆಯೇ’ ಎಂಬ ಪ್ರಶ್ನೆ ಪ್ರತಿ ಗುಂಪಿನಲ್ಲೂ ಬರುತ್ತದೆ. ತಿರಸ್ಕರಿಸಬೇಡಿ, ಕಿರಿದು ಮಾಡಿಸಿ: ಹಾಡು ಕೇಳುವಾಗ, ಕೇಳದಿರುವಾಗ ಒಂದು ನಿಮಿಷದಲ್ಲಿ ಎಷ್ಟು ಕೂಡುವ ಲೆಕ್ಕ ಸರಿಯಾಗುತ್ತದೆ? ಹೆಸರುಕಾಳು ಮೊಳಕೆಯ ಪ್ರಶ್ನೆ ತರುವವರಿಗೆ ಬಟ್ಟಲುಗಳು ಹೆಚ್ಚು ಬೇಕಾಗುತ್ತವೆ. ಒಂದು ಬಟ್ಟಲಿನ 20 ಕಾಳು ಒಂದೇ ನೀರು, ಒಂದೇ ಮೂಲೆ ಹಂಚಿಕೊಂಡಿರುವುದರಿಂದ ಎಣಿಸಬೇಕಾದದ್ದು ಬಟ್ಟಲನ್ನು.

ಅಳತೆಗೆ ಕೈ ಹಚ್ಚುವ ಮುಂಚೆ ಒಂದು ಪುಟದ ಯೋಜನೆ ಬರೆಯಲೇಬೇಕು: ಪ್ರಶ್ನೆ ಏನು, ಬದಲಿಸುವುದು ಏನು, ಅಳೆಯುವುದು ಏನನ್ನು, ಯಾವುದರಿಂದ, ಪ್ರತಿ ಬಗೆಗೆ ಎಷ್ಟು ಮತ್ತು ಆ ಸಂಖ್ಯೆ ಎಲ್ಲಿಂದ ಬಂತು, ಕ್ರಮ ಹೇಗೆ ನಿರ್ಧಾರವಾಗುತ್ತದೆ, ಯಾವ ಅಳತೆಯನ್ನು ಯಾವ ಕಾರಣಕ್ಕೆ ಬಿಡುತ್ತೇವೆ, ಕೊನೆಗೆ ಯಾವ ಚಿತ್ರ ಬರೆಯುತ್ತೇವೆ, ಏನಾಗಬಹುದೆಂದು ನಮ್ಮ ಊಹೆ. ಇನ್ನೊಂದು ಜೋಡಿ ಇದನ್ನು ಓದಿ, ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೊನೆಗೆ ಸಹಿ ಮಾಡಬೇಕು. ಈ ಅದಲುಬದಲಿಗೆ ಅರ್ಧ ಗಂಟೆ ಧಾರಾಳವಾಗಿ ಕೊಡಿ. ದೊಡ್ಡವರು ಹೇಳಿದರೆ ಕಿವಿಗೆ ಹಾಕಿಕೊಳ್ಳದ್ದನ್ನು ಪಕ್ಕದವರು ಕೇಳಿದರೆ ತಿದ್ದಿಕೊಳ್ಳುತ್ತಾರೆ.

ಬರೆದುಕೊಳ್ಳುವ ಪಟ್ಟಿಯಲ್ಲಿ ಒಂದು ಅಳತೆಗೆ ಒಂದು ಸಾಲು: ಕ್ರಮಸಂಖ್ಯೆ, ಸಮಯ, ಬಗೆ, ಮಾಡಿದವರು, ಅಂಕಿ, ಕೊನೆಗೆ ಷರಾ. ಷರಾ ಅಂಕಣ ಖಾಲಿ ಬಿಟ್ಟವರನ್ನು ವಿಚಾರಿಸಿ. ‘ಬಾಗಿಲು ತೆರೆಯಿತು’, ‘ಗೋಡೆಗೆ ತಾಗಿತು’ ಎಂಬ ಎರಡು ಪದ ಆಮೇಲೆ ದೂರ ನಿಂತ ಒಂದು ಬಿಂದಿಗೆ ಕಾರಣ ಹೇಳುತ್ತದೆ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು, ರಬ್ಬರ್, ವೈಟ್ನರ್ ಎರಡೂ ಬೇಡ. ಮನೆಗೆ ಹೋಗುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದು ಗುಂಪಿನ ಒಂದು ಫೋಲ್ಡರಿಗೆ ಹಾಕಿಸಿ. ಮೊಬೈಲಿನ ಗೂಗಲ್ ಶೀಟಿಗೆ ಏರಿಸುವಾಗ ಅದೇ ಅಂಕಣ, ಅದೇ ಸಾಲು. ಒಬ್ಬರು ಓದಿ ಹೇಳಲಿ, ಒಬ್ಬರು ಟೈಪ್ ಮಾಡಲಿ. ಆಮೇಲೆ ಪಾತ್ರ ಬದಲಿಸಿ, ಶೀಟಿನ ಪ್ರತಿ ಸಾಲನ್ನೂ ಕಾಗದದ ಜೊತೆ ಇನ್ನೊಮ್ಮೆ ತಾಳೆ ನೋಡಲಿ. 1.58ರ ಬದಲು 15.8 ಟೈಪಾಗಿದ್ದರೆ ಅದು ಸಿಕ್ಕಿಬೀಳುವುದು ಇಲ್ಲಿ. ಗ್ರಾಫ್ ಬರೆದ ಮೇಲೆ ಕಂಡರೆ ‘ಲೆಕ್ಕಕ್ಕಿಲ್ಲ’ ಎಂದು ಅಳಿಸುವ ಆಸೆ ಮತ್ತೆ ಹುಟ್ಟುತ್ತದೆ.